ಕೋಚ್ ಇಲ್ಲದೆ ಸೈಕಲ್ ರೇಸ್ ಸೀಸನ್ ಪ್ಲ್ಯಾನ್ ಮಾಡೋದು ಹೇಗೆ?

"ಅಣ್ಣಾ, ಕೋಚ್‌ಗೆ ತಿಂಗಳು ತಿಂಗಳು ದುಡ್ಡು ಕೊಡೋಕಾಗಲ್ಲ. ನಾನೇ ಪ್ಲ್ಯಾನ್ ಮಾಡ್ಕೊಂಡು ರೇಸ್‌ಗೆ ರೆಡಿ ಆಗ್ಬಹುದಾ? ಎಲ್ಲಿಂದ ಶುರು ಮಾಡ್ಲಿ?" ಬೆಂಗಳೂರಿನಲ್ಲಿ ಒಂದೆರಡು ರೇಸ್ ಮುಗಿಸಿ ರುಚಿ ಹತ್ತಿದವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು.

ಖಂಡಿತ ಆಗಬಹುದು. ವಿಶ್ರಾಂತಿಯ ದಿನಗಳಿಂದ ಶುರು ಮಾಡಿ. ಸೈಕಲ್ ಮುಟ್ಟದ ದಿನ ಯಾವುದು, ಕಡಿಮೆ ತುಳಿಯುವ ವಾರ ಯಾವುದು ಅಂತ ಮೊದಲು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕಷ್ಟದ ವರ್ಕೌಟ್‌ಗಳು ಎಲ್ಲಿ ಬೇಕಾದರೂ ಸಿಗುತ್ತವೆ. "ಇವತ್ತು ಬೇಡ, ಹೋಗಿ ಮಲಗು" ಅನ್ನೋದೇ ಒಳ್ಳೆಯ ಕೋಚ್ ಮಾಡುವ ದೊಡ್ಡ ಕೆಲಸ. ಅದನ್ನು ನಮಗೆ ನಾವೇ ಹೇಳಿಕೊಳ್ಳೋದು ಕಷ್ಟ. ರೇಸಿನ ಹುಚ್ಚಿದ್ದರಂತೂ ಇನ್ನೂ ಕಷ್ಟ.

ಆಮೇಲೆ ಒಂದೇ ಒಂದು ಮುಖ್ಯ ರೇಸ್ ಆರಿಸಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸಿ. ಡಿಸೆಂಬರ್ ಮಧ್ಯದಲ್ಲಿ ಒಂದು ಬೆಟ್ಟ ಹತ್ತುವ ರೇಸ್ ಇದೆ ಅಂದುಕೊಳ್ಳಿ. ಕೊನೆಯ ಎರಡು ವಾರ ಇಳಿಕೆಗೆ, ಅಂದರೆ ತುಳಿಯೋದನ್ನು ಕಡಿಮೆ ಮಾಡೋಕೆ. ಅದಕ್ಕೆ ಮುಂಚಿನ ಎಂಟು ವಾರ, ಅಂದರೆ ಅಕ್ಟೋಬರ್ ಆರಂಭದಿಂದ, ಜೋರಾದ ತರಬೇತಿಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬುನಾದಿ. ನಮ್ಮ ಊರಿನ ಮಳೆ ಹೆಚ್ಚಾಗಿ ಸಂಜೆ, ರಾತ್ರಿ ಸುರಿಯುತ್ತದೆ. ಹಾಗಾಗಿ ಮಳೆಗಾಲದಲ್ಲೂ ಬೆಳಗಿನ ಜಾವದ ಸವಾರಿ ಸಾಮಾನ್ಯವಾಗಿ ತಪ್ಪೋದಿಲ್ಲ. ರಸ್ತೆ ಮಾತ್ರ ಒದ್ದೆ ಇರುತ್ತದೆ, ಗುಂಡಿಯಲ್ಲಿ ನೀರು ನಿಂತಿರುತ್ತದೆ, ನಿಧಾನವಾಗಿ ಹೋಗಿ. ಬುನಾದಿಗೆ ಆ ನಿಧಾನವೇ ಬೇಕಿರೋದು.

ತರಬೇತಿಯನ್ನು ಮೂರು ವಾರ ಏರಿಸಿ, ನಾಲ್ಕನೆಯ ವಾರ ಇಳಿಸೋದು ಹಳೆಯ ಪದ್ಧತಿ. ನಾನು ಅದನ್ನು ಹಬ್ಬಗಳ ಜೊತೆ ಹೊಂದಿಸುತ್ತೇನೆ. ದಸರಾ, ದೀಪಾವಳಿ ಹೆಚ್ಚಾಗಿ ಈ ಜೋರಿನ ವಾರಗಳ ಆಸುಪಾಸಿಗೇ ಬರುತ್ತವೆ. ಆ ವಾರಗಳನ್ನೇ ಇಳಿಕೆಯ ವಾರ ಮಾಡಿ. ಊರಿಗೆ ಹೋಗಿ, ಮನೆಯವರ ಜೊತೆ ಇರಿ, ಹೋಳಿಗೆ ತಿನ್ನಿ. ಪ್ಲ್ಯಾನ್‌ನಲ್ಲೇ ಬರೆದಿದ್ದರೆ ತರಬೇತಿ ತಪ್ಪಿತು ಅನ್ನೋ ಕೊರಗು ಇರೋದಿಲ್ಲ.

ವಾರದ ಒಳಗೆ ಕಷ್ಟದ ದಿನ ಎರಡೇ ಸಾಕು. ಉಳಿದದ್ದೆಲ್ಲ ಆರಾಮಾಗಿ ಮಾತಾಡುತ್ತಾ ತುಳಿಯುವಷ್ಟು ಹಗುರ. ಸ್ಟೀಫನ್ ಸೈಲರ್ ಎಂಬ ಸಂಶೋಧಕರು ದೊಡ್ಡ ಮಟ್ಟದ ಸಹಿಷ್ಣುತೆಯ ಕ್ರೀಡಾಪಟುಗಳ ತರಬೇತಿ ನೋಡಿ ಹೇಳಿದ್ದೂ ಇದನ್ನೇ: ಸುಮಾರು 80 ಭಾಗ ಹಗುರ, 20 ಭಾಗ ಕಷ್ಟ. ಕಷ್ಟದ ದಿನಕ್ಕೆ ನನಗೆ ಇಷ್ಟವಾದದ್ದು ಎಂಟೆಂಟು ನಿಮಿಷ ಜೋರಾಗಿ ತುಳಿಯುವ ನಾಲ್ಕು ಸುತ್ತು, ನಡುವೆ ಸ್ವಲ್ಪ ಬಿಡುವು.

ನಮ್ಮಲ್ಲಿ ಕೆಡೋದು ಹಗುರದ ದಿನ. ಭಾನುವಾರದ ಗುಂಪು ಸವಾರಿ "ಸುಮ್ನೆ ಕಾಫಿಗೆ" ಅಂತ ಹೊರಡುತ್ತದೆ. ದೇವನಹಳ್ಳಿ ಬರುವಷ್ಟರಲ್ಲಿ ಯಾರೋ ಒಬ್ಬರು ಮುಂದೆ ಜಿಗಿಯುತ್ತಾರೆ, ಉಳಿದವರು ಅವರ ಬೆನ್ನು ಹತ್ತುತ್ತಾರೆ. ಆಗ ಸವಾರಿ ಹಗುರವೂ ಅಲ್ಲ, ಸರಿಯಾದ ಕಷ್ಟವೂ ಅಲ್ಲ. ಮಂಗಳವಾರದ ವರ್ಕೌಟ್‌ಗೆ ಕಾಲಲ್ಲಿ ಏನೂ ಉಳಿದಿರೋದಿಲ್ಲ. ಗುಂಪು ಬೇಕೆಂದರೆ ಅದನ್ನೇ ಕಷ್ಟದ ದಿನ ಅಂತ ಬರೆದುಕೊಳ್ಳಿ. ಹಗುರದ ದಿನ ಒಬ್ಬರೇ ಹೋಗಿ, ಹೆಸರಘಟ್ಟದ ಕಡೆಗೋ ಇನ್ನೆಲ್ಲಿಗೋ.

ನಿಮ್ಮ ಶಕ್ತಿ ಎಷ್ಟು ಏರಿದೆ ಅನ್ನೋ ಅಳತೆಗೆ ನಂದಿ ಬೆಟ್ಟವೇ ಸಾಕು. ಬುಡದಿಂದ ತುದಿಗೆ ಸುಮಾರು ಏಳೂವರೆ ಕಿಲೋಮೀಟರ್, ನಡುವೆ ಸಿಗ್ನಲ್ ಇಲ್ಲ. ನಗರದೊಳಗೆ 20 ನಿಮಿಷ ನಿಲ್ಲದೆ ತುಳಿಯಲು ಜಾಗ ಎಲ್ಲಿದೆ ಹೇಳಿ? ತುಳಿತದ ಶಕ್ತಿಯನ್ನು ವಾಟ್‌ನಲ್ಲಿ ಅಳೆಯುವ ಪವರ್ ಮೀಟರ್ ಇದ್ದರೆ 20 ನಿಮಿಷದ ಸರಾಸರಿಯ ಶೇ. 95 ತೆಗೆದುಕೊಳ್ಳಿ. 240 ವಾಟ್ ಬಂದರೆ ನಿಮ್ಮ ಎಫ್‌ಟಿಪಿ, ಅಂದರೆ ಸುಮಾರು ಒಂದು ಗಂಟೆ ಸತತವಾಗಿ ತುಳಿಯಬಲ್ಲ ಗರಿಷ್ಠ ಶಕ್ತಿ, ಅಂದಾಜು 228 ವಾಟ್. ಮೀಟರ್ ಇಲ್ಲದಿದ್ದರೆ ಹತ್ತಲು ಹಿಡಿದ ಸಮಯ, ಎದೆಬಡಿತ ಬರೆದಿಟ್ಟುಕೊಳ್ಳಿ. ನಾಲ್ಕು ವಾರಕ್ಕೊಮ್ಮೆ, ಅದೇ ಹೊತ್ತಿಗೆ, ಇಳಿಕೆಯ ವಾರದ ಕೊನೆಯಲ್ಲಿ ಪರೀಕ್ಷೆ ಮಾಡಿ.

ತರಬೇತಿಯ ಆ್ಯಪ್ ತೋರಿಸುವ ಫಿಟ್‌ನೆಸ್ ಗೆರೆಯನ್ನು ತುಂಬಾ ನಂಬಬೇಡಿ. ಸಾಮಾನ್ಯವಾಗಿ ಅದು ಹಿಂದಿನ 42 ದಿನಗಳ ಹೊರೆಯನ್ನು ಆಧರಿಸಿದ ಒಂದು ಸರಾಸರಿ. ಜಾಸ್ತಿ ತುಳಿದರೆ ಏರುತ್ತದೆ, ಅಷ್ಟೇ. ನಿನ್ನೆ ಆಫೀಸಿನಲ್ಲಿ ರಾತ್ರಿ ಹನ್ನೊಂದಾಯಿತು ಅನ್ನೋದು ಅದಕ್ಕೆ ಗೊತ್ತಿಲ್ಲ. ಒಂದು ನೋಟ್‌ಬುಕ್ ಇಡಿ. ಎದ್ದ ತಕ್ಷಣದ ನಾಡಿ, ನಿದ್ದೆ, ಕಾಲು ಹೇಗಿದೆ, ಇಷ್ಟು ಸಾಕು. ಎರಡು ದಿನ ಸತತವಾಗಿ ನಾಡಿ ಏರಿದ್ದು ಕಾಲು ಭಾರ ಅನಿಸಿದರೆ ಕಷ್ಟದ ವರ್ಕೌಟ್ ಬಿಡಬೇಕು. ಈ ನಿಯಮವನ್ನು ಮೊದಲೇ ಬರೆದಿಡಿ. ಬೆಳಗಿನ ಐದಕ್ಕೆ ಬೂಟು ಕಟ್ಟಿಕೊಂಡು ಕೂತು ಯಾರೂ ಸರಿಯಾಗಿ ತೀರ್ಮಾನ ಮಾಡೋದಿಲ್ಲ. ವಾರಕ್ಕೊಮ್ಮೆ ಆ ಪುಸ್ತಕವನ್ನು ಗೆಳೆಯರಿಗೋ ಮನೆಯವರಿಗೋ ತೋರಿಸಿ. ಅವರಿಗೆ ವಾಟ್ ಗೊತ್ತಿರಬೇಕಿಲ್ಲ. ನೀವು ಸೊರಗಿದ್ದೀರಿ ಅನ್ನೋದು ನಿಮಗಿಂತ ಮೊದಲು ಅವರಿಗೆ ಕಾಣುತ್ತದೆ. ಜ್ವರ ಬಂದು ವಾರ ತಪ್ಪಿದರೆ ಅದನ್ನು ಸೇರಿಸಿ ತುಂಬಲು ಹೋಗಬೇಡಿ. ಹೋದದ್ದು ಹೋಯಿತು, ಹಗುರವಾಗಿ ಮುಂದುವರಿಸಿ.

ಕೊನೆಯ ಎರಡು ವಾರ ತುಳಿಯುವ ಸಮಯವನ್ನು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಸಿ, ಆದರೆ ಜೋರನ್ನು ಇಳಿಸಬೇಡಿ. ನಾಲ್ಕು ಸುತ್ತಿನ ಬದಲು ಎರಡು ಸುತ್ತು, ಅದೇ ವೇಗದಲ್ಲಿ. ಈ ದಿನಗಳಲ್ಲಿ ತುಳಿಯೋಕೆ ಕಾಲು ತುರಿಸುತ್ತದೆ, ಗೆಳೆಯರು ನಂದಿಗೆ ಕರೆಯುತ್ತಾರೆ. ರೇಸ್ ಮುಗಿಸಿ ಬರ್ತೀನಿ ಅಂತ ಹೇಳಿಬಿಡಿ.