ಹತ್ತು ಗುಂಡು ತುಂಬ್ಸಿ ಮೇಲೊಂದು ಬೀಗ ಹಾಕಿದ ಕಥೆ

ಹಳೇ ತ್ರೀ ನಾಟ್ ತ್ರೀ ರೈಫಲ್ಲಿಗೆ ಹತ್ತು ಗುಂಡು ಹಿಡಿಯೋ ಮ್ಯಾಗಜೀನ್ ಇದೆ ಅನ್ನೋದು ತುಂಬಾ ಜನಕ್ಕೆ ಗೊತ್ತು. ಆದ್ರೆ ಆ ಹತ್ತು ಗುಂಡನ್ನ ಸಿಪಾಯಿ ಸುಲಭಕ್ಕೆ ಮುಟ್ಬಾರ್ದು ಅಂತ್ಲೇ ಅದೇ ರೈಫಲ್ಲಿಗೆ ಇನ್ನೊಂದು ಪಾರ್ಟ್ ಮಾಡಿ ಜೋಡ್ಸಿದ್ರು ಅಂದ್ರೆ ನಂಬೋದು ಕಷ್ಟ. ಮ್ಯಾಗಜೀನ್ ಕಟ್ ಆಫ್ ಅಂತಾರೆ ಅದಕ್ಕೆ. ನಾನು ಟೂಲ್ ರೂಮಲ್ಲಿ ಕೆಲ್ಸ ಮಾಡೋನು, ಬಂದೂಕು ಇಟ್ಕೊಂಡೋನೂ ಅಲ್ಲ ಶಿಕಾರಿ ಮಾಡೋನೂ ಅಲ್ಲ, ಆದ್ರೆ ಯಾವ್ದಾದ್ರೂ ಮೆಷಿನ್‌ನಲ್ಲಿ ಕೆಲ್ಸ ಸರಾಗ ಆಗೋದನ್ನ ಬೇಕಂತ್ಲೇ ತಡೆಯೋ ಪಾರ್ಟ್ ಇದ್ರೆ ಅದನ್ನ ಯಾರು ಕೇಳಿದ್ರು, ಯಾಕ್ ಕೇಳಿದ್ರು ಅಂತ ತಿಳ್ಕೊಳ್ದೆ ಸಮಾಧಾನ ಆಗಲ್ಲ.

ಪಾರ್ಟ್ ಏನೋ ಭಾಳ ಸಿಂಪಲ್. ರೈಫಲ್ಲಿನ ಬಲಗಡೆ, ಬೋಲ್ಟ್ (ಗುಂಡನ್ನ ಒಳಗೆ ತಳ್ಳಿ ಹಿಂದಿನಿಂದ ಮುಚ್ಚೋ ಸ್ಟೀಲ್ ಸರಳು) ಓಡಾಡೋ ದಾರಿ ಕೆಳಗೆ ಉದ್ದಕ್ಕೆ ಒಂದು ಸ್ಲಾಟ್ ಹೊಡ್ದಿರ್ತಾರೆ, ಅದ್ರೊಳಗೆ ತೆಳ್ಳಗಿನ ಸ್ಟೀಲ್ ಪ್ಲೇಟು, ಮುಂದಿನ ತುದೀಲಿ ಒಂದು ಸ್ಕ್ರೂ ಮೇಲೆ ತಿರುಗುತ್ತೆ, ಹಿಂದಿನ ತುದೀಲಿ ಬೆರಳಿಗೆ ಸಿಗೋ ಹಾಗೆ ಚೂರು ಹಿಡಿ. ಪ್ಲೇಟನ್ನ ಹೊರಗೆ ಎಳೆದಿದ್ರೆ ರೈಫಲ್ಲು ಮಾಮೂಲಾಗಿ ಕೆಲ್ಸ ಮಾಡುತ್ತೆ. ಬೋಲ್ಟ್ ಹಿಂದಕ್ಕೆಳೆದ ತಕ್ಷಣ ಮ್ಯಾಗಜೀನ್ ಒಳಗಿನ ಸ್ಪ್ರಿಂಗು ಮೇಲಿನ ರೌಂಡನ್ನ, ಅಂದ್ರೆ ತೋಟಾನ, ಎತ್ತಿ ಕೊಡುತ್ತೆ, ಬೋಲ್ಟ್ ಮುಂದಕ್ಕೆ ಬರ್ತಾ ಅದ್ರ ಹಿಂಭಾಗದ ಅಂಚನ್ನ ತಳ್ಕೊಂಡು ಹೋಗಿ ನಳಿಗೆ ಬುಡದ ಚೇಂಬರ್‌ಗೆ ಸೇರ್ಸುತ್ತೆ. ಪ್ಲೇಟನ್ನ ಒಳಗೆ ತಳ್ಳಿದ್ರೋ, ಮ್ಯಾಗಜೀನ್ ಬಾಯಿ ಮೇಲೆ ಅದು ಮುಚ್ಚಳದ ತರ ಕೂತ್ಬಿಡುತ್ತೆ. ಕೆಳಗೆ ಹತ್ತು ರೌಂಡು ಸ್ಪ್ರಿಂಗ್ ಒತ್ತಡದಲ್ಲಿ ಕಾಯ್ತಾ ಇರ್ತವೆ, ಮೇಲೆ ಬೋಲ್ಟ್ ಖಾಲಿ ಓಡಾಡುತ್ತೆ. ಆಗ ಸಿಪಾಯಿ ಬೆಲ್ಟಿನ ಚೀಲದಿಂದ ಒಂದು ರೌಂಡ್ ತೆಗೀಬೇಕು, ಆ ಪ್ಲೇಟ್ ಮೇಲಿಡಬೇಕು, ಬೋಲ್ಟ್ ಹಾಕ್ಬೇಕು, ಹೊಡೀಬೇಕು, ಮತ್ತೆ ಚೀಲಕ್ಕೆ ಕೈ ಹಾಕ್ಬೇಕು. ಒಂದೇ ರೈಫಲ್ಲು, ಬೆರಳಲ್ಲಿ ಒಂದು ತಗಡು ಸರಿಸಿದ್ರೆ ಹತ್ತು ಗುಂಡಿನದ್ದು, ವಾಪಸ್ ತಳ್ಳಿದ್ರೆ ಒಂಟಿ ಗುಂಡಿನದ್ದು.

ಅಮೆರಿಕದೋರ 1903ರ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಇದೇ ಕೆಲ್ಸನ ಬೇರೆ ದಾರೀಲಿ ಮಾಡಿದ್ದಾರೆ, ನನ್ ಪ್ರಕಾರ ಅದು ಇನ್ನೂ ಚೆನ್ನಾಗಿದೆ. ಅಲ್ಲಿ ಮುಚ್ಚಳ ಗಿಚ್ಚಳ ಏನೂ ಇಲ್ಲ, ಎಡಗಡೆ ಒಂದು ಪುಟ್ಟ ಲಿವರ್, ಅದ್ರ ಮೇಲೆ ಇಂಗ್ಲಿಷಲ್ಲಿ ಆನ್, ಆಫ್ ಅಂತ ಕೆತ್ತಿರ್ತಾರೆ. ಆಫ್‌ಗೆ ಇಟ್ರೆ ಬೋಲ್ಟ್ ಪೂರ್ತಿ ಹಿಂದಕ್ಕೆ ಬರಲ್ಲ, ಸ್ವಲ್ಪ ಮುಂಚೇನೇ ನಿಲ್ಲುತ್ತೆ, ಅದ್ರ ಮೂತಿ ಮ್ಯಾಗಜೀನ್ ರೌಂಡಿನ ಹಿಂದಕ್ಕೆ ತಲುಪೋದೇ ಇಲ್ಲ, ಅಂದ್ಮೇಲೆ ತಳ್ಳೋಕೂ ಆಗಲ್ಲ. ಆನ್‌ಗೆ ಇಟ್ರೆ ಪೂರ್ತಿ ಬರುತ್ತೆ. ಎರಡ್ರ ಮಧ್ಯಕ್ಕೆ ಇಟ್ರೆ ಬೋಲ್ಟನ್ನೇ ಹೊರಗೆ ಎಳ್ಕೊಬೋದು, ಕ್ಲೀನ್ ಮಾಡೋಕೆ. ಒಂದೇ ಲಿವರಲ್ಲಿ ಮೂರು ಕೆಲ್ಸ. ಇದನ್ನ ಡ್ರಾಯಿಂಗಲ್ಲಿ ನೋಡ್ದಾಗ ಡಿಸೈನ್ ಮಾಡಿದೋರಿಗೆ ಮನಸ್ಸಲ್ಲೇ ಒಂದು ನಮಸ್ಕಾರ ಹಾಕ್ದೆ.

ಸರಿ, ಯಾಕ್ ಬೇಕಿತ್ತು ಇದು? ಉತ್ತರ ಒಂದೇ ಸಾಲಲ್ಲಿ ಹೇಳ್ಬೋದು, ಸಿಪಾಯಿ ಕೈಗೆ ಹತ್ತು ಗುಂಡು ಒಟ್ಟಿಗೆ ಕೊಟ್ರೆ ಗಾಬರಿಯಲ್ಲಿ ಎಲ್ಲಾನೂ ಗಾಳಿಗೆ ಹಾರಿಸ್ತಾನೆ ಅನ್ನೋ ಭಯ. ಕೋಡುಬಳೆ ಡಬ್ಬ ಮಕ್ಕಳ ಕೈಗೆ ಸಿಗ್ದೇ ಇರ್ಲಿ ಅಂತ ಅಟ್ಟದ ಮೇಲಿಡ್ತಾರಲ್ಲ, ಅದೇ ಬುದ್ಧಿ. ಈ ಭಯ ಬ್ರಿಟಿಷರಿಗಿಂತ ಮುಂಚಿನದ್ದು. ಅಮೆರಿಕದ ಅಂತರ್ಯುದ್ಧದ ಕಾಲಕ್ಕೇ ಸ್ಪೆನ್ಸರ್ ಅನ್ನೋ ರೈಫಲ್ ಬಂದಿತ್ತು, ಹಿಂದಿನ ಮರದ ಹಿಡಿಯೊಳಗೆ ಒಂದು ಕೊಳವೆ, ಅದ್ರಲ್ಲಿ ಏಳು ರೌಂಡು. ಹೆನ್ರಿ ಅನ್ನೋದ್ರಲ್ಲಿ ನಳಿಗೆ ಕೆಳಗಿನ ಕೊಳವೇಲಿ ಹದಿನಾರು. ಆದ್ರೆ ಸೈನ್ಯಕ್ಕೆ ಆಯುಧ ಕೊಳ್ಳೋ ಇಲಾಖೆ ಮುಖ್ಯಸ್ಥ ಜೇಮ್ಸ್ ರಿಪ್ಲಿ ಅನ್ನೋ ಹಿರಿಯ ಜನರಲ್, ಇಂಥ ಹೊಸ ಬಂದೂಕು ಅಂದ್ರೆ ಆಗ್ತಾ ಇರ್ಲಿಲ್ಲ. ಕೊನೆಗೆ ಕ್ರಿಸ್ಟೋಫರ್ ಸ್ಪೆನ್ಸರ್ ತಾನೇ 1863ರ ಆಗಸ್ಟ್‌ನಲ್ಲಿ ವಾಷಿಂಗ್ಟನ್‌ಗೆ ಹೋಗಿ ಅಧ್ಯಕ್ಷ ಲಿಂಕನ್ ಕೈಗೇ ರೈಫಲ್ ಕೊಟ್ಟು ಹೊಡ್ಸಿ ತೋರ್ಸಿದ. ಮುಂದಿನ ತಿಂಗಳೇ ರಿಪ್ಲಿ ಕುರ್ಚಿ ಹೋಯ್ತು. ಆಮೇಲೆ 1877ರಲ್ಲಿ ಬಲ್ಗೇರಿಯಾದ ಪ್ಲೆವ್ನಾದಲ್ಲಿ ತುರ್ಕರು ವಿಂಚೆಸ್ಟರ್ ರಿಪೀಟರ್, ಅಂದ್ರೆ ಒಂದ್ಸಲ ತುಂಬ್ಸಿ ಹಲವು ಗುಂಡು ಹೊಡೆಯೋ ಬಂದೂಕು, ಇಟ್ಕೊಂಡು ರಷ್ಯನ್ನರನ್ನ ಹೇಗೆ ಹೊಡೆದ್ರು ಅನ್ನೋದನ್ನ ಯುರೋಪಿನ ಸೈನ್ಯಗಳೆಲ್ಲ ನೋಡಿದ್ವು, ಇನ್ಮೇಲೆ ಬೇಡ ಅನ್ನೋ ಹಾಗೆ ಇರ್ಲಿಲ್ಲ.

ಕೊಳವೆ ಮ್ಯಾಗಜೀನ್‌ಗಳದ್ದು ಒಂದು ತೊಂದ್ರೆ ಇತ್ತು. ಒಂದ್ರ ಹಿಂದೆ ಒಂದು ರೌಂಡು ಮಲಗಿರುತ್ತೆ, ಹಿಂದಿನ ಗುಂಡಿನ ಮೂತಿ ಮುಂದಿನ ರೌಂಡಿನ ಕ್ಯಾಪ್‌ಗೆ (ಪೆಟ್ಟು ಬಿದ್ರೆ ಕಿಡಿ ಹೊತ್ತೋ ಭಾಗ) ತಾಗ್ಕೊಂಡಿರುತ್ತೆ. ಮೂತಿ ಮೊಂಡಾಗಿದ್ರೆ ಪರ್ವಾಗಿಲ್ಲ, ಚೂಪಾದ್ರೆ ಒಳಗೇ ಸಿಡಿಯೋ ಅಪಾಯ. ಫ್ರೆಂಚರ ಲೆಬೆಲ್‌ನಲ್ಲಿ ಎಂಟು ರೌಂಡಿನ ಕೊಳವೆ, ಚೂಪು ಗುಂಡು ಬಂದ್ಮೇಲೆ ಆ ಮೂತಿ ಕ್ಯಾಪ್ ಮೇಲೆ ಕೂರ್ದೇ ಪಕ್ಕಕ್ಕೆ ಕೂರ್ಲಿ ಅಂತ ರೌಂಡಿನ ಹಿಂಭಾಗದಲ್ಲಿ ಸುತ್ತ ಒಂದು ತೋಡು ಕೊರೀಬೇಕಾಯ್ತು. ಅಂದ್ಹಾಗೆ ಲೆಬೆಲ್‌ಗೂ ಕಟ್ ಆಫ್ ಇತ್ತು.

ಈ ರಗಳೆ ಎಲ್ಲ ಬೇಡ, ರೌಂಡುಗಳನ್ನ ಒಂದ್ರ ಮೇಲೊಂದು ಜೋಡ್ಸಿ ಬೋಲ್ಟ್ ಕೆಳಗೆ ಒಂದು ಡಬ್ಬೀಲಿ ಇಡಿ, ಡಬ್ಬೀನ ಬೇಕಾದಾಗ ಬಿಚ್ಚಿ ಅಂದೋನು ಜೇಮ್ಸ್ ಪ್ಯಾರಿಸ್ ಲೀ. ಹುಟ್ಟಿದ್ದು ಸ್ಕಾಟ್ಲೆಂಡಲ್ಲಿ, ಬೆಳೆದಿದ್ದು ಕೆನಡಾದಲ್ಲಿ, ಆಮೇಲೆ ಅಮೆರಿಕ, ಕಲ್ತಿದ್ದು ಗಡಿಯಾರ ರಿಪೇರಿ ಕಸುಬು. 1879ರಲ್ಲಿ ಪೇಟೆಂಟ್ ಮಾಡ್ಸಿದ. ಬ್ರಿಟಿಷರು 1888ರಲ್ಲಿ ಇವನ ಬೋಲ್ಟು ಮತ್ತು ಮ್ಯಾಗಜೀನ್ ತಗೊಂಡು ಲೀ ಮೆಟ್‌ಫರ್ಡ್ ಮಾಡಿದ್ರು, ಮೊದ್ಲು ಎಂಟು ರೌಂಡು, ಆಮೇಲೆ ಎರಡು ಸಾಲಾಗಿ ಹತ್ತು. 1895ರಲ್ಲಿ ನಳಿಗೇನ ಬದಲಾಯ್ಸಿದ್ಮೇಲೆ ಲೀ ಎನ್‌ಫೀಲ್ಡ್ ಆಯ್ತು, ಅದೇ ನಮ್ಮ ತ್ರೀ ನಾಟ್ ತ್ರೀ. ನೋಡಿ, ಡಬ್ಬಿ ಬಿಚ್ಚೋಕೆ ಬರುತ್ತೆ, ಇನ್ನೊಂದು ತುಂಬಿದ ಡಬ್ಬಿ ಜೇಬಲ್ಲಿ ಇಟ್ಕೊಂಡು ಹಾಕ್ಬೋದು, ಲೀ ಅನ್ನೋ ಮನುಷ್ಯನ ಐಡಿಯಾನೇ ಅದು. ಸೈನ್ಯ ಏನ್ ಮಾಡ್ತು ಅಂದ್ರೆ, ಶುರುವಿನ ರೈಫಲ್‌ಗಳಲ್ಲಿ ಡಬ್ಬೀನ ಒಂದು ಕೊಂಡಿ ಹಾಕಿ ರೈಫಲ್ಲಿಗೇ ಕಟ್ಬಿಡ್ತು, ಮೇಲೆ ಕಟ್ ಆಫ್ ಹಾಕಿ ಬಾಯಿ ಮುಚ್ಚಿಬಿಡ್ತು. ಪಾಪ ಲೀ!

ಆಫೀಸರುಗಳ ಲೆಕ್ಕಾಚಾರ ಹೀಗಿತ್ತು. ದೂರದಲ್ಲಿ ಶತ್ರು ಕಂಡ್ರೆ ಕಟ್ ಆಫ್ ಒಳಗೆ, ಆಫೀಸರು ಹೇಳ್ದಾಗ ಎಲ್ರೂ ಒಟ್ಟಿಗೆ ಒಂದೊಂದು ಗುಂಡು. ಅದಕ್ಕೇಂತ ರೈಫಲ್ ಎಡಗಡೆ 2800 ಗಜದವರೆಗೆ ಗುರುತು ಹಾಕಿರೋ, ಗುರಿ ನೋಡೋ ಸೈಟು ಬೇರೆ ಇತ್ತು, ಎರಡೂವರೆ ಕಿಲೋಮೀಟರು ಸ್ವಾಮಿ, ಅಷ್ಟು ದೂರದಲ್ಲಿ ಮನುಷ್ಯ ಕಾಣ್ತಾನಾ ಅಂತ ಕೇಳ್ಬೇಡಿ, ಗುಂಪಿನ ಮೇಲೆ ಮಳೆ ಸುರಿಸೋ ಲೆಕ್ಕ ಅದು. ಶತ್ರು ತೀರಾ ಹತ್ರ ಬಂದು ಬಿದ್ದಾಗ ಮಾತ್ರ ಪ್ಲೇಟ್ ಎಳೆದು ಹತ್ತನ್ನೂ ಬಿಡೋದು.

ಹಾಗಂತ ಆ ಭಯ ಪೂರ್ತಿ ಮೂರ್ಖತನ ಅಂತ ನಾನು ಹೇಳಲ್ಲ. ಯುದ್ಧದಲ್ಲಿ ರೌಂಡು ಹಿಂದಿನಿಂದ ಹೇಸರಗತ್ತೆ ಮೇಲೆ ಬರ್ಬೇಕು, ಖಾಲಿ ಆದ್ರೆ ಆಯ್ತು. ನಾನು ಕಾಲೇಜಲ್ಲಿ ಎನ್‌ಸಿಸಿಯಲ್ಲಿದ್ದಾಗ ಕ್ಯಾಂಪಲ್ಲಿ ಪಾಯಿಂಟ್ ಟೂ ಟೂ ಫೈರಿಂಗ್ ಇರ್ತಿತ್ತು, ಕೈಗೆ ಐದೇ ಐದು ರೌಂಡು, ಹೊಡೆದಾದ್ಮೇಲೆ ಖೋಖಾ, ಅಂದ್ರೆ ಖಾಲಿ ಕೇಸು, ಒಂದೂ ಬಿಡ್ದೆ ಎಣ್ಸಿ ಉಸ್ತಾದ್‌ಗೆ ವಾಪಸ್. ಒಂದ್ಸಲ ನಮ್ಮ ಡಿಟೇಲ್‌ನಲ್ಲಿ, ಅಂದ್ರೆ ಒಟ್ಟಿಗೆ ಫೈರ್ ಮಾಡೋ ಗುಂಪಲ್ಲಿ, ಒಂದು ಖೋಖಾ ಕಮ್ಮಿ ಬಂತು, ಮಧ್ಯಾಹ್ನದ ಊಟ ಬಿಟ್ಟು ಅಷ್ಟೂ ಜನ ಹುಲ್ಲಲ್ಲಿ ಮಂಡಿ ಊರ್ಕೊಂಡು ಹುಡುಕಿದ್ವಿ, ಕೊನೆಗೆ ಒಬ್ಬನ ಪ್ಯಾಂಟಿನ ಮಡಿಕೆಯೊಳಗೆ ಸಿಕ್ತು! "ಗೋಲಿ ಕಾ ಹಿಸಾಬ್ ಪೂರಾ ಹೋನಾ ಚಾಹಿಯೇ" ಅಂತ ಉಸ್ತಾದ್ ಬೈದಿದ್ದು ಇವತ್ತಿಗೂ ಕಿವೀಲಿದೆ.

ಕಟ್ ಆಫ್‌ನ ಸಾಯ್ಸಿದ್ದು ಮೊದಲನೇ ಮಹಾಯುದ್ಧ. ಅಷ್ಟೊತ್ತಿಗೆ ಚಾರ್ಜರ್ ಬಂದಿತ್ತು, ಐದು ರೌಂಡನ್ನ ಒಂದು ತಗಡಿನ ಪಟ್ಟೀಲಿ ಸಿಗ್ಸಿರ್ತಾರೆ, ಬೋಲ್ಟ್ ತೆಗೆದು ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತಿದ್ರೆ ಐದೂ ಒಳಗೆ, ಎರಡು ಚಾರ್ಜರ್‌ಗೆ ಮ್ಯಾಗಜೀನ್ ಫುಲ್ಲು. ಇದ್ರಲ್ಲೂ ಒಂದು ಸೂಕ್ಷ್ಮ ಇದೆ. ತ್ರೀ ನಾಟ್ ತ್ರೀ ರೌಂಡಿನ ಹಿಂಭಾಗದಲ್ಲಿ ಅಂಚು ಹೊರಗೆ ಚಾಚ್ಕೊಂಡಿರುತ್ತೆ. ಮೇಲಿನ ರೌಂಡಿನ ಅಂಚು ಕೆಳಗಿನದ್ರ ಅಂಚಿನ ಹಿಂದೆ ಸಿಕ್ಕಾಕ್ಕೊಂಡ್ರೆ ಬೋಲ್ಟ್ ತಳ್ಳಿದಾಗ ಎರಡೂ ಒಟ್ಟಿಗೆ ಮುಂದಕ್ಕೆ ಬರೋಕೆ ನೋಡ್ತವೆ, ಜಾಮ್. ಅದಕ್ಕೆ ಚಾರ್ಜರ್ ಒಳಗೇ ಅಂಚುಗಳನ್ನ ಒಂದು ಮೇಲೆ ಒಂದು ಕೆಳಗೆ ಅಂತ ಜೋಡ್ಸಿರೋದು. ಮ್ಯಾಗಜೀನ್ ಬಾಯಿಯ ತುಟಿಗಳು ಕೂದಲೆಳೆ ಅಷ್ಟು ಬಗ್ಗಿದ್ರೂ ಫೀಡಿಂಗ್ ಕೆಡುತ್ತೆ, ಆದ್ರಿಂದ ಒಂದೊಂದು ಡಬ್ಬೀನೂ ಅದದೇ ರೈಫಲ್ಲಿಗೆ ಕೂರ್ಸಿ ನೋಡಿ ತಿದ್ದುತಿದ್ರು. ಪ್ರೆಸ್ ಶಾಪಲ್ಲಿ ಶೀಟ್ ಮೆಟಲ್ ಬಗ್ಸಿ ಕೈ ಸುಟ್ಕೊಂಡೋರಿಗೆ ಇದು ಅರ್ಥ ಆಗುತ್ತೆ.

ಯುದ್ಧ ಶುರುವಾದ ಮೇಲೆ ರೈಫಲ್ ಸಾಲ್ದೇ ಬಂತು. 1916ರ ಜನವರಿಯಲ್ಲಿ ಹೊಸ ಮಾಡೆಲ್ ಒಪ್ಪಿದ್ರು, ಮಾರ್ಕ್ ತ್ರೀ ಸ್ಟಾರ್ ಅಂತ, ಅದ್ರಲ್ಲಿ ಕಟ್ ಆಫೂ ಇಲ್ಲ, ಆ 2800 ಗಜದ ಸೈಟೂ ಇಲ್ಲ. ಸಿಪಾಯಿ ಮೇಲೆ ನಂಬಿಕೆ ಬಂತು ಅಂತ ತೆಗೆದಿದ್ದಲ್ಲ ಕಣ್ರೀ, ರೈಫಲ್ ಬಾಡೀಲಿ ಆ ಸ್ಲಾಟ್ ಹೊಡಿಯೋದು ಒಂದು ಎಕ್ಸ್ಟ್ರಾ ಮಿಲ್ಲಿಂಗು, ಆ ಪ್ಲೇಟು ಇನ್ನೊಂದು ಪಾರ್ಟು, ಟೈಮ್ ಇರ್ಲಿಲ್ಲ ಅಷ್ಟೇ. ಇಪ್ಪತ್ತೆಂಟು ವರ್ಷದ ವಾದಕ್ಕೆ ಪ್ರೊಡಕ್ಷನ್ ಡಿಪಾರ್ಟ್‌ಮೆಂಟು ಉತ್ರ ಕೊಟ್ಬಿಡ್ತು.

ಇಷ್ಟೊತ್ತು ಬ್ರಿಟಿಷ್ ಸಿಪಾಯಿ ಮಾತು. ನಮ್ಮೋರ ಕಥೆಯಲ್ಲಿ ಬೀಗ ಇನ್ನೂ ದಪ್ಪ. 1857 ಆದ್ಮೇಲೆ ಭಾರತೀಯ ಸಿಪಾಯಿಗೆ ದಶಕಗಟ್ಲೆ ಒಂದು ತಲೆಮಾರು ಹಳೇ ಬಂದೂಕು. 1897ರಲ್ಲಿ ವಾಯವ್ಯ ಗಡಿಯ (ಈಗಿನ ಪಾಕಿಸ್ತಾನ) ತಿರಾಹ್ ದಂಡಯಾತ್ರೆಗೆ ಹೋದಾಗ ಗೋರಾ ಪಲ್ಟನ್‌ಗಳ ಕೈಲಿ ಲೀ ಮೆಟ್‌ಫರ್ಡ್, ಅದೇ ಬೆಟ್ಟ ಹತ್ತಿದ ನಮ್ಮೋರ ಕೈಲಿ ಒಂಟಿ ಗುಂಡಿನ ಮಾರ್ಟಿನಿ ಹೆನ್ರಿ. ಆಮೇಲೆ ಪೊಲೀಸರಿಗೇಂತ ಬಂಗಾಳದ ಇಶಾಪುರದ ಬಂದೂಕು ಕಾರ್ಖಾನೇಲಿ ಲೀ ಎನ್‌ಫೀಲ್ಡ್‌ನ ನಳಿಗೆ ಕೊರೆದು ಪಾಯಿಂಟ್ ಫೋರ್ ಟೆನ್ ಮಸ್ಕೆಟ್ ಅಂತ ಮಾಡಿದ್ರು, ಮ್ಯಾಗಜೀನ್ ಇರೋ ಜಾಗಕ್ಕೆ ಮರದ ತುಂಡು ತುರುಕಿ. ಕಟ್ ಆಫ್ ಆದ್ರೆ ಬೆರಳಲ್ಲಿ ಎಳೀಬೋದು, ಮರದ ತುಂಡನ್ನ ಏನ್ ಮಾಡ್ತೀರ? ಹತ್ತು ಗುಂಡಿನ ರೈಫಲ್ಲನ್ನ ಕಷ್ಟಪಟ್ಟು ಒಂದು ಗುಂಡಿಗೆ ಇಳ್ಸಿದ ಕಾರ್ಖಾನೆ ಕೆಲ್ಸ ನಾನಂತೂ ಬೇರೆಲ್ಲೂ ಕೇಳಿಲ್ಲ.

ಗುಂಡು ಪೋಲಾಗುತ್ತೆ ಅಂತ ಇಷ್ಟೆಲ್ಲ ತಲೆ ಕೆಡ್ಸಿಕೊಂಡ ಅದೇ ಸೈನ್ಯದ ಆಫೀಸರು 1919ರ ಏಪ್ರಿಲ್ 13ಕ್ಕೆ ಜಲಿಯನ್‌ವಾಲಾ ಬಾಗ್‌ನಲ್ಲಿ ಏನ್ ಮಾಡ್ದ? ರೈಫಲ್ ಹಿಡಿದ 50 ಜನ, ಸುಮಾರು ಹತ್ತು ನಿಮಿಷ, 1650 ರೌಂಡು. ಭಾಗಿಸಿ ನೋಡಿ, ತಲೆಗೆ 33. ಮ್ಯಾಗಜೀನ್ ಹಿಡಿಯೋದು ಹತ್ತು. ಅಂದ್ರೆ ಒಬ್ಬೊಬ್ಬನೂ ಮಧ್ಯೆ ನಿಲ್ಸಿ, ಚೀಲದಿಂದ ಚಾರ್ಜರ್ ತೆಗೆದು, ಹೆಬ್ಬೆರಳಲ್ಲಿ ಒತ್ತಿ ತುಂಬ್ಕೊಂಡು ಮತ್ತೆ ಹೊಡ್ದಿದ್ದಾನೆ, ಒಂದ್ಸಲ ಅಲ್ಲ, ಹಲವು ಸಲ. ಗಾಬರಿಯಲ್ಲಿ ಕೈ ತಪ್ಪಿ ಆಗೋದಲ್ಲ ಇದು. ಸರ್ಕಾರಿ ಲೆಕ್ಕದಲ್ಲೇ ಸತ್ತೋರು 379. ಎಷ್ಟು ರೌಂಡು ಖರ್ಚಾಯ್ತು ಅನ್ನೋ ಲೆಕ್ಕ ಮಾತ್ರ ಅಚ್ಚುಕಟ್ಟಾಗಿ ಇಟ್ಟಿದ್ರು. ಈ ಮೆಕ್ಯಾನಿಸಂ ಬಗ್ಗೆ ಓದೋದು ನಂಗೆ ಖುಷಿ, ಆದ್ರೆ ಈ 33 ಅನ್ನೋ ನಂಬರ್ ಹತ್ರ ಬಂದಾಗ ಪುಸ್ತಕ ಮುಚ್ಚಿಡ್ಬೇಕು ಅನ್ಸುತ್ತೆ.

ಇನ್ನು ಜನಸಾಮಾನ್ಯರಿಗೆ ಸೈನ್ಯದ ಅಳತೆಯ ರೌಂಡು ಸಿಗ್ಲೇಬಾರ್ದು ಅಂತ ಕಾನೂನು ತಂದ್ರು. ಅದಕ್ಕೇ ನಮ್ಮಲ್ಲಿ ಸಿವಿಲಿಯನ್ ರೈಫಲ್ ಅಂದ್ರೆ ಪಾಯಿಂಟ್ ತ್ರೀ ಒನ್ ಫೈವ್, ಅದೇ ಲೀ ಎನ್‌ಫೀಲ್ಡ್ ಬೋಲ್ಟು, ಆದ್ರೆ ತೋಟಾ ಬೇರೆ, ಮ್ಯಾಗಜೀನ್ ಐದಕ್ಕೆ ಇಳಿದಿದೆ. ಕೊಡಗಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿ ಇರೋರಿಗೆ ಕೋವಿ ಲೈಸೆನ್ಸ್ ವಿನಾಯ್ತಿ ಬ್ರಿಟಿಷರ ಕಾಲದಿಂದ ಬಂದಿದ್ದು, ಈಗ 2029ರವರೆಗೆ ಮುಂದುವರ್ಸಿದ್ದಾರೆ. ಒಂದ್ ಕಡೆ ಊರಿಗೆ ಊರಿಗೇ ಕೋವಿ ಇಟ್ಕೊಳ್ಳಿ ಅಂದ ಸರ್ಕಾರಾನೇ ಇನ್ನೊಂದ್ ಕಡೆ ತನ್ನ ಪೊಲೀಸಿನ ಮ್ಯಾಗಜೀನ್‌ಗೆ ಮರ ತುರುಕಿದ್ದು, ಯಾರನ್ನ ನಂಬ್ತಾರೆ ಅನ್ನೋದ್ರ ಮೇಲೆ ಎಲ್ಲಾ ನಿಂತಿತ್ತು.

ಸ್ವಾತಂತ್ರ್ಯ ಬಂದ್ಮೇಲೆ ಇಶಾಪುರದೋರು ಮಾಡಿದ ಒಂದು ಕೆಲ್ಸ ಮಾತ್ರ ನಂಗೆ ಹೆಮ್ಮೆ. 1962ರ ಯುದ್ಧ ಆದ್ಮೇಲೆ ಅದೇ ಹಳೇ ಡಿಸೈನನ್ನ 7.62 ರೌಂಡಿಗೆ ತಿದ್ದಿದ್ರು, ಗಟ್ಟಿ ಸ್ಟೀಲ್ ಹಾಕಿ, ಹೆಸ್ರು ಟೂ ಎ, ಆಮೇಲೆ ಟೂ ಎ ಒನ್. ಹೊಸ ರೌಂಡಿಗೆ ಆ ಚಾಚಿದ ಅಂಚು ಇಲ್ಲ, ಹಾಗಾಗಿ ಮ್ಯಾಗಜೀನನ್ನ ಹೊಸದಾಗೇ ಮಾಡ್ಬೇಕಾಯ್ತು, ಹಳೇದಕ್ಕಿಂತ ಚೌಕಾಕಾರ, ಹನ್ನೆರಡು ಹಿಡಿಯುತ್ತೆ. ಸೈಟಿನ ಗುರುತು 2000ದಿಂದ 800 ಮೀಟರಿಗೆ ಇಳೀತು, ಅದೂ ಸರಿ. ಎಷ್ಟೋ ಊರಿನ ಪೊಲೀಸರ ಕೈಲಿ ದಶಕಗಟ್ಲೆ ಇದ್ದಿದ್ದು ಇವೇ ಎರಡು, ಆ ಹಳೇದು ಮತ್ತೆ ಇದು. ಉತ್ತರ ಪ್ರದೇಶ ಪೊಲೀಸರು ತ್ರೀ ನಾಟ್ ತ್ರೀಗೆ ವಿದಾಯ ಹೇಳಿದ್ದೇ 2020ರ ಗಣರಾಜ್ಯೋತ್ಸವದ ಪೆರೇಡಲ್ಲಿ.

ಅದ್ರ ಬದಲು ಅವ್ರಿಗೆ ಬಂದಿದ್ರಲ್ಲಿ ನಮ್ಮ ದೇಶದ್ದೇ ಇನ್ಸಾಸ್ ರೈಫಲ್ ಒಂದು. ಇನ್ಸಾಸ್‌ನ ಸೈನ್ಯಕ್ಕೆ ಮಾಡ್ದಾಗ ಟ್ರಿಗರ್ ಒತ್ತಿ ಹಿಡಿದ್ರೆ ಸುರಿತಾನೇ ಇರೋ ಫುಲ್ ಆಟೋ ಕೊಡ್ಲಿಲ್ಲ, ಒಂದೊಂದು, ಇಲ್ಲಾಂದ್ರೆ ಮೂರು ಹೊಡೆದು ತಾನೇ ನಿಲ್ಲೋ ಬರ್ಸ್ಟ್, ಅಷ್ಟೇ. ಅಮೆರಿಕದೋರು ವಿಯೆಟ್ನಾಂ ಅನುಭವ ಆದ್ಮೇಲೆ ಎಂ16ಎ2 ರೈಫಲ್ಲಲ್ಲಿ ಇದನ್ನೇ ಮಾಡಿದ್ರು, ಟ್ರಿಗರ್ ಮೆಕ್ಯಾನಿಸಂ ಒಳಗೆ ಒಂದು ಪುಟ್ಟ ಹಲ್ಲಿನ ಚಕ್ರ ಕೂತ್ಕೊಂಡು ಮೂರು ಎಣಿಸುತ್ತೆ. ಇಪ್ಪತ್ತನೇ ಶತಮಾನದ ಕೊನೇಲೂ ಅದೇ ಗುಂಡು ಪೋಲಾಗೋ ಚಿಂತೆ, ಪ್ಲೇಟ್ ಹೊರಗಿತ್ತು, ಚಕ್ರ ಒಳಗಿದೆ. ಆಮೇಲೆ ಅಮೆರಿಕದೋರು ಎಂ4ಎ1 ಅನ್ನೋ ರೈಫಲ್ಲಿಗೆ ಹೋದಾಗ ಆ ಚಕ್ರಾನೂ ತೆಗೆದು ವಾಪಸ್ ಫುಲ್ ಆಟೋ ಹಾಕಿದ್ರು. ಆ ಚಕ್ರದ ಡ್ರಾಯಿಂಗ್ ಇಟ್ಕೊಂಡು ಅದು ಹೇಗೆ ಕೆಲ್ಸ ಮಾಡುತ್ತೆ ಅಂತ ಇನ್ನೊಂದು ಪೋಸ್ಟ್ ಬರೀತೀನಿ, ಯಾಕಂದ್ರೆ ಬರ್ಸ್ಟ್ ಮಧ್ಯದಲ್ಲಿ ಬೆರಳು ಬಿಟ್ರೆ ಅದು ಎಣಿಕೆ ಮರೆಯಲ್ಲ, ಮುಂದಿನ ಸಲ ಎಲ್ಲಿ ಬಿಟ್ಟಿತ್ತೋ ಅಲ್ಲಿಂದ್ಲೇ ಶುರು ಮಾಡುತ್ತೆ, ಒಮ್ಮೆ ಎರಡು ಬರುತ್ತೆ, ಒಮ್ಮೆ ಒಂದೇ.