ಲೈನ್ ಮನೆಗೆ ಐದು ರೂಪಾಯಿಯ ಇಂಟರ್‌ನೆಟ್

ನವೆಂಬರ್‌ನಲ್ಲಿ ಅರೇಬಿಕಾ ಕಾಫಿ ಹಣ್ಣಾಗುತ್ತಿದ್ದಂತೆ ಮೂಡಿಗೆರೆ ಸುತ್ತಿನ ತೋಟಗಳಲ್ಲಿ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳು ತುಂಬುತ್ತವೆ. ರಾಯಚೂರು, ಬಳ್ಳಾರಿ ಕಡೆಯವರ ಜೊತೆಗೆ ಈಗ ಅಸ್ಸಾಂ, ಜಾರ್ಖಂಡ್‌ನವರೂ ಬರುತ್ತಾರೆ. ರೊಬಸ್ಟಾ ಕಾಫಿಯ ಕೊಯ್ಲು ಮುಗಿಯುವ ಮಾರ್ಚ್‌ವರೆಗೂ ಅವರಿಗೆ ಅದೇ ಮನೆ. ನೀರು, ಸೌದೆ, ಕರೆಂಟು ತೋಟದವರದು. ಊರಿನಲ್ಲಿ ಬಿಟ್ಟುಬಂದ ಮಕ್ಕಳೊಂದಿಗೆ ಮಾತನಾಡುವ ದಾರಿಯನ್ನು ಮಾತ್ರ ಅವರವರೇ ಹುಡುಕಿಕೊಳ್ಳಬೇಕು.

ನಾನು ಈ ಭಾಗದಲ್ಲಿ ಮನೆಗಳಿಗೆ ಫೈಬರ್ ಇಂಟರ್‌ನೆಟ್ ಸಂಪರ್ಕ ಕೊಡುವವನು. ಬಣಕಲ್ ಹತ್ತಿರದ ತೋಟವೊಂದರ ಗೌಡರು ಕಳೆದ ಕೊಯ್ಲಿಗೆ ಮುಂಚೆ ನನ್ನನ್ನು ಕರೆಸಿದರು. ಅವರ ಲೈನು ಇರುವುದು ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ. ಅಲ್ಲಿ ಯಾವ ಕಂಪನಿಯ ಟವರೂ ಸಿಗುವುದಿಲ್ಲ. ರಾತ್ರಿ ಊಟವಾದ ಮೇಲೆ ಜನ ಟಾರ್ಚ್ ಹಿಡಿದು ನೀರಿನ ಟ್ಯಾಂಕ್ ಇರುವ ಗುಡ್ಡ ಹತ್ತುತ್ತಿದ್ದರು. ಆನೆ ಓಡಾಡುವ ಜಾಗ ಅದು. ಅರಣ್ಯ ಇಲಾಖೆ ಮೊಬೈಲಿಗೆ ಕಳುಹಿಸುವ ಆನೆಯ ಸೂಚನೆಯೂ ಗುಡ್ಡ ಹತ್ತಿದ ಮೇಲೆಯೇ ಬರುತ್ತಿತ್ತು ಎಂದರೆ ಪರಿಸ್ಥಿತಿ ಹೇಗಿತ್ತೆಂದು ಊಹಿಸಬಹುದು.

“ಬಂಗಲೆಯ ವೈಫೈಯನ್ನೇ ಅಲ್ಲಿಗೆ ಎಳೆದುಬಿಡಪ್ಪಾ. ತಿಂಗಳಿಗೆ ಇಷ್ಟು ಎಂದು ಬಟವಾಡೆಯಲ್ಲಿ ಮುರಿದುಕೊಂಡರಾಯಿತು” ಎಂದರು ಗೌಡರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಲೆಕ್ಕ ಸುಲಭವಾಗಲಿ ಎಂದಷ್ಟೇ.

ಆ ಎರಡಕ್ಕೂ ನಾನು ಒಪ್ಪಲಿಲ್ಲ. ಮನೆಬಳಕೆಯ ಸಂಪರ್ಕವನ್ನು ದುಡ್ಡಿಗೆ ಮರುಮಾರಾಟ ಮಾಡುವಂತಿಲ್ಲ. ಅದಕ್ಕೆ ನೇರವಾದ ದಾರಿ ಬೇರೆಯೇ ಇದೆ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಎಂಬ ಸಾರ್ವಜನಿಕ ವೈಫೈ ಯೋಜನೆಯಡಿ ಗೂಡಂಗಡಿಯವರೂ ಲೈಸೆನ್ಸ್ ಶುಲ್ಕವಿಲ್ಲದೆ ವೈಫೈ ಮಾರಬಹುದು. ಮೊದಲು ಇದಕ್ಕಿದ್ದ ತೊಡಕು ಬೆಲೆಯದು. ಕಂಪನಿಗಳು ಇಂಥವರಿಗೆ ಒಬ್ಬರಿಗೇ ಮೀಸಲಾದ ದುಬಾರಿಯ ಲೀಸ್ಡ್ ಲೈನ್ ಸಂಪರ್ಕವೇ ಬೇಕೆನ್ನುತ್ತಿದ್ದವು. 2025ರ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಅದಕ್ಕೆ ಕಡಿವಾಣ ಹಾಕಿತು: 200 ಎಂಬಿಪಿಎಸ್‌ವರೆಗಿನ ಫೈಬರ್ ಸಂಪರ್ಕಕ್ಕೆ ಮನೆಯವರಿಂದ ಪಡೆಯುವ ದರದ ಎರಡು ಪಟ್ಟಿಗಿಂತ ಹೆಚ್ಚು ಕೇಳುವಂತಿಲ್ಲ. ಮನೆಗೆ 800 ರೂಪಾಯಿಯಾದರೆ ಇಲ್ಲಿಗೆ ಹೆಚ್ಚೆಂದರೆ 1,600. ಇಷ್ಟಾದರೆ ತೋಟದ ಲೈನಿನಲ್ಲಿಯೂ ಲೆಕ್ಕ ಕೂಡಿಬರುತ್ತದೆ.

ಬಟವಾಡೆಯಲ್ಲಿ ಮುರಿಯುವ ಮಾತಂತೂ ನನ್ನ ಮನಸ್ಸಿಗೆ ಸ್ವಲ್ಪವೂ ಒಗ್ಗಲಿಲ್ಲ. ಈ ಜನರಲ್ಲಿ ಅನೇಕರು ಆಳುಗಳನ್ನು ಕರೆತರುವ ಮೇಸ್ತ್ರಿಯಿಂದ ಮುಂಗಡ ಪಡೆದೇ ಬಸ್ಸೋ ರೈಲೋ ಹತ್ತಿದವರು. ಕೊಯ್ದ ಹಣ್ಣಿನ ಕಿಲೋ ಲೆಕ್ಕದಲ್ಲಿ ಕೂಲಿ ಬರೆಯುವ ರೈಟರ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಮೊದಲೇ ಒಂದು ಸಾಲ ಕುಳಿತಿರುತ್ತದೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸುವ ಕೆಲಸ ನನ್ನಿಂದಾಗದು ಎಂದೆ. ಜ್ವರ ಬಂದು ಮಲಗಿದ ವಾರವೂ ಆ ಹಣ ಕಡಿತವಾಗುತ್ತದೆ. ಫೋನೇ ಇಲ್ಲದವರ ಕೂಲಿಯಲ್ಲಿಯೂ ಆಗುತ್ತದೆ. ಬೇಕಾದವರು ಬೇಕಾದ ದಿನ ಕೊಳ್ಳಲಿ. ದಿನಕ್ಕೆ ಐದು ರೂಪಾಯಿಯ ಕೂಪನ್, ವಾರಕ್ಕೆ ಇಪ್ಪತ್ತೈದು. ಲೈನಿನ ಪಕ್ಕದಲ್ಲಿ ಎಲೆ ಅಡಿಕೆ, ಬಿಸ್ಕತ್ತು ಮಾರುವ ಅಕ್ಕನೇ ಕೂಪನ್ ಮಾರಲಿ. ಐದರಲ್ಲಿ ಒಂದು ರೂಪಾಯಿ ಅವರಿಗೆ. ಗೌಡರು ಸ್ವಲ್ಪ ಹೊತ್ತು ಯೋಚಿಸಿ, “ಸಾಮಾನಿನ ಖರ್ಚು ನನ್ನದಿರಲಿ, ಉಳಿದದ್ದು ನೀನು ನೋಡಿಕೋ” ಎಂದರು. ಮಳೆಗಾಲದಲ್ಲಿ ಲೈನು ಖಾಲಿಯಿದ್ದಾಗಿನ ಇಂಟರ್‌ನೆಟ್ ಬಾಡಿಗೆಯನ್ನೂ ಒಪ್ಪಿಕೊಂಡರು. ಅವರು ಹಾಗೆ ಒಪ್ಪದಿದ್ದರೆ ಐದು ರೂಪಾಯಿಗೆ ಕೊಡಲು ಆಗುತ್ತಿರಲಿಲ್ಲ.

ತಂತಿ ಎಳೆಯುವುದೇ ಒಂದು ಸಾಹಸವಾಯಿತು. ಬಂಗಲೆಯಿಂದ ರೇಡಿಯೋ ಡಿಶ್ ಇಟ್ಟು ಸಿಗ್ನಲ್ ಕಳುಹಿಸೋಣವೆಂದರೆ ನಡುವೆ ಸಿಲ್ವರ್ ಓಕ್ ಮರಗಳು ಗೋಡೆಯಂತೆ ನಿಂತಿವೆ. ಆ ಮರಗಳಿಗೇ ಕೇಬಲ್ ಕಟ್ಟೋಣವೆಂದರೆ ಒಂದೊಂದಕ್ಕೂ ಮೆಣಸಿನ ಬಳ್ಳಿ ಹಬ್ಬಿದೆ. ಫೆಬ್ರುವರಿಯಲ್ಲಿ ಮೆಣಸು ಕೊಯ್ಯುವವರು ಏಣಿ ಒರಗಿಸಿದರೆ ಫೈಬರ್ ಉಳಿಯುವುದಿಲ್ಲ. ಕೊನೆಗೆ ಜೀಪು ರಸ್ತೆಯ ಬೇಲಿಗುಂಟ ಪೈಪಿನೊಳಗೆ ಹಾಕಿದೆವು. ಎರಡು ಸಾಲು ಮನೆಗಳ ಸೂರಿನಡಿ ಒಂದೊಂದು ವೈಫೈ ಪೆಟ್ಟಿಗೆ, ಕರೆಂಟು ಹೋದಾಗಲೂ ನಡೆಯುವಂತೆ ಒಂದು ಬ್ಯಾಟರಿ.

ಸಂಪರ್ಕ ಶುರುವಾದ ಸಂಜೆ ನನ್ನ ನೆನಪಿನಲ್ಲಿ ಅಚ್ಚೊತ್ತಿದೆ. ಈ ವೈಫೈ ಬಳಸಲು ಆ್ಯಪ್‌ನಲ್ಲಿ ಒಮ್ಮೆ ನೋಂದಣಿ ಮಾಡಲೇಬೇಕು, ನೋಂದಣಿಗೆ ಒಟಿಪಿ ಬೇಕು, ಒಟಿಪಿ ಬರಲು ಟವರ್ ಬೇಕು. ಹಾಗಾಗಿ ಹಗಲಿರುವಾಗಲೇ, ಹಣ್ಣು ತೂಗಿದ ಕೂಡಲೇ, ಎಲ್ಲರನ್ನೂ ಕರೆದುಕೊಂಡು ಟ್ಯಾಂಕಿನ ಗುಡ್ಡಕ್ಕೆ ಹೊರಟೆ. ಲಿಂಗಸುಗೂರು ಕಡೆಯ ಹೆಂಗಸೊಬ್ಬರು ತಮ್ಮ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದರು. ಒಡೆದ ಗಾಜಿಗೆ ಅಂಟುಪಟ್ಟಿ, ಹಿಂಬದಿಯ ಕವರಿನೊಳಗೆ ಮಡಚಿಟ್ಟ ಆಧಾರ್ ಪ್ರತಿ. ದಿನವಿಡೀ ಹಣ್ಣು ಕೊಯ್ದ ಬೆರಳುಗಳಿಗೆ ಅಂಟು ಮೆತ್ತಿಕೊಂಡು ಪರದೆ ಒತ್ತಿದ್ದೇ ತಿಳಿಯುತ್ತಿರಲಿಲ್ಲ. ಸೀರೆಗೆ ಬೆರಳು ಒರೆಸಿಕೊಂಡು ಒಂದೊಂದೇ ಅಂಕಿ ಹಾಕುವಷ್ಟರಲ್ಲಿ ಅವಧಿ ಮುಗಿಯಿತು. ಮತ್ತೆ ಕೇಳಿದೆವು, ಮತ್ತೆ ಕಾದೆವು. ಕೊನೆಗೆ ಅಸ್ಸಾಮಿನ ಹುಡುಗನೊಬ್ಬ ಅಂಕಿಗಳನ್ನು ಹಿಂದಿಯಲ್ಲಿ ಓದಿದ, ನಾನು ಕನ್ನಡದಲ್ಲಿ ಹೇಳಿದೆ, ಅವರು ಒತ್ತಿದರು.

ಕತ್ತಲಾಗುವ ಮೊದಲು ಎಲ್ಲರೂ ಕೆಳಗಿಳಿದೆವು. ಏಳು ಗಂಟೆಗೆ ಒಮ್ಮೆಲೇ ಎಲ್ಲ ಫೋನುಗಳೂ ಕರೆ ಮಾಡಿದವು. ಇದನ್ನು ಎಣಿಸಿಯೇ ಪ್ರತಿ ಫೋನಿಗೂ ವೇಗದ ಮಿತಿ ಹಾಕಿದ್ದೆ. ಯಾರೋ ಒಬ್ಬರು ಸಿನಿಮಾ ಹಾಕಿಕೊಂಡರೆ ಉಳಿದವರ ವೀಡಿಯೊ ಕರೆ ನಿಲ್ಲಬಾರದು. “ರಾತ್ರಿ ಒಂಬತ್ತಕ್ಕೆ ಬಂದ್ ಮಾಡಿಬಿಡು, ಇಲ್ಲದಿದ್ದರೆ ಬೆಳಿಗ್ಗೆ ಏಳುವುದಿಲ್ಲ” ಎಂದು ರೈಟರು ಹೇಳಿದ್ದರು. ಮಾಡಲಿಲ್ಲ. ಇಡೀ ದಿನಕ್ಕೆಂದು ದುಡ್ಡು ಕೊಟ್ಟವರ ರಾತ್ರಿಯನ್ನು ನಾವು ಕತ್ತರಿಸುವುದು ನ್ಯಾಯವಲ್ಲ. ಕೆಲವರ ಫೋನಿನಲ್ಲಿ, ಟವರ್ ಬದಲು ವೈಫೈ ಮೂಲಕವೇ ಕರೆ ಸಾಗಿಸುವ ವೈಫೈ ಕಾಲಿಂಗ್ ಇತ್ತು. ಅವರಿಗೆ ಸಾಮಾನ್ಯ ಕರೆ, ಬ್ಯಾಂಕಿನ ಸಂದೇಶಗಳೂ ಮನೆಯೊಳಗೇ ಬರತೊಡಗಿದವು. ಕೀಪ್ಯಾಡ್ ಫೋನಿನವರಿಗೆ ಮಾತ್ರ ನನ್ನಿಂದ ಏನೂ ಮಾಡಲಾಗಲಿಲ್ಲ. ಅವರು ಪಕ್ಕದ ಮನೆಯವರ ಫೋನಿನಲ್ಲಿ ಮಾತನಾಡಿ ಕೂಪನ್ನಿನ ಅರ್ಧ ದುಡ್ಡು ಕೊಡುತ್ತಿದ್ದರು.

ಜನವರಿಯಲ್ಲಿ ಬೇಲಿಯ ಮೇಲೆ ಮರದ ಕೊಂಬೆ ಬಿದ್ದು ಫೈಬರ್ ತುಂಡಾಯಿತು. ಸರಿಪಡಿಸಲು ನಾನು ಹೋದಾಗ ಲಿಂಗಸುಗೂರಿನ ಅದೇ ಹೆಂಗಸು ಅಂಗಡಿಯ ಮುಂದೆ ಕಾದಿದ್ದರು. “ಅಣ್ಣಾ, ವಾರದ ಕೂಪನ್ ತೆಗೆದುಕೊಂಡಿದ್ದೇನೆ. ಎರಡು ದಿನ ನೆಟ್ ಇಲ್ಲ. ಆ ಎರಡು ದಿನ ನನಗೆ ವಾಪಸ್ ಕೊಡು” ಎಂದರು. ಬಂಗಲೆಯ ಉಚಿತ ವೈಫೈ ಆಗಿದ್ದರೆ ಅವರು ಬಾಯಿ ತೆರೆಯುತ್ತಿರಲಿಲ್ಲ, ಗೌಡರು ಕೊಟ್ಟಷ್ಟು ದಿನ ಎಂದು ಸುಮ್ಮನಾಗುತ್ತಿದ್ದರು. ನನಗೆ ಆ ಮಾತು ಬಹಳ ಹಿಡಿಸಿತು. ಅವರಿಗಷ್ಟೇ ಅಲ್ಲ, ವಾರದ ಕೂಪನ್ ಇದ್ದ ಎಲ್ಲರಿಗೂ ಎರಡು ದಿನ ಸೇರಿಸಿದೆ. ಒಂದು ಸಂಜೆ ಪೂರ್ತಿ ಸಂಪರ್ಕ ಇಲ್ಲದಿದ್ದರೆ ಮರುದಿನ ಉಚಿತ ಎಂದು ಕನ್ನಡದಲ್ಲಿ, ಹಿಂದಿಯಲ್ಲಿ ಬರೆದು ಅಕ್ಕನ ಅಂಗಡಿಗೆ ಅಂಟಿಸಿದೆ. ಕೆಳಗೆ ನನ್ನ ಫೋನ್ ನಂಬರ್ ಹಾಕಿದೆ.