ಘಾಟಿ ಇಳಿಯುವ ಪೋಲೋ: ಬ್ರೇಕ್ ಫ್ಲೂಯಿಡ್ ಆಯ್ಕೆಯ ದಾಖಲೆ

ಏಪ್ರಿಲ್: ಶಾಖ ಎಷ್ಟು?

ನನ್ನ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಡಿಐ ಕಾರಿನ ಬ್ರೇಕ್‌ಗಳನ್ನು ಪಶ್ಚಿಮ ಘಟ್ಟದ ರಸ್ತೆಗಳಿಗೆ ಸಜ್ಜುಗೊಳಿಸುವ ಕೆಲಸದಲ್ಲಿ ಮುಂದಿನ ಡಿಸ್ಕ್ ಮತ್ತು ಪ್ಯಾಡ್‌ಗಳ ಬದಲಾವಣೆ ಮುಗಿದಿದೆ. ಈಗ ಉಳಿದಿರುವುದು ಫ್ಲೂಯಿಡ್, ಅಂದರೆ ಪೆಡಲಿನ ಒತ್ತಡವನ್ನು ಚಕ್ರದ ಬ್ರೇಕ್‌ಗಳಿಗೆ ಸಾಗಿಸುವ ದ್ರವ. ಹಿಂದಿನ ಮಾಲೀಕರು ಅದನ್ನು ಯಾವಾಗ ಬದಲಿಸಿದ್ದರು ಎಂಬುದಕ್ಕೆ ಸರ್ವೀಸ್ ಪುಸ್ತಕದಲ್ಲಿ ಗುರುತೇ ಇಲ್ಲ. ರಿಸರ್ವಾಯರ್‌ನಲ್ಲಿರುವ ದ್ರವ ಹಳೆಯ ಚಹಾದ ಬಣ್ಣಕ್ಕೆ ತಿರುಗಿದೆ.

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ 14 ಹೇರ್‌ಪಿನ್ ತಿರುವುಗಳಲ್ಲಿ ವೇಗಕ್ಕೆ ಎಡೆಯೇ ಇಲ್ಲ. ಹಾಗೆಯೇ ಬ್ರೇಕ್ ತಣಿಯುವಷ್ಟು ಗಾಳಿಯೂ ಸಿಗುವುದಿಲ್ಲ. ಆದ್ದರಿಂದ ಚಾರ್ಮಾಡಿಯ ಬಿಡುವಾದ ತಿರುವುಗಳಿಗಿಂತ ಈ ನಿಧಾನದ ಇಳಿಜಾರೇ ಬ್ರೇಕಿಗೆ ಹೆಚ್ಚು ಕಠಿಣವೆಂದು ನನಗೆ ಅನಿಸುತ್ತದೆ. ಇಬ್ಬರು ಪ್ರಯಾಣಿಕರು ಮತ್ತು ಸಾಮಾನು ಸೇರಿ ಸುಮಾರು 1350 ಕಿಲೋ ತೂಗುವ ಕಾರು 500 ಮೀಟರ್ ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 66 ಲಕ್ಷ ಜೂಲ್. ಇಪ್ಪತ್ತು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಶಕ್ತಿ ಸಾಕು. ಅದರಲ್ಲಿ ಒಂದು ಪಾಲನ್ನು ಎರಡನೇ ಗೇರಿನಲ್ಲಿರುವ ಇಂಜಿನ್ ತಡೆಯುತ್ತದೆ. ಉಳಿದದ್ದರಲ್ಲಿ ಹೆಚ್ಚಿನ ಭಾಗ ಮುಂದಿನ ಎರಡು ಡಿಸ್ಕ್‌ಗಳಿಗೆ ಹೋಗುತ್ತದೆ.

ಡಿಸ್ಕ್ ಬಿಸಿಯಾಗುವುದು ಸಹಜ. ನನಗೆ ಬೇಕಾಗಿದ್ದುದು ದ್ರವದ ಒತ್ತಡದಿಂದ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಬಿಸಿ. ಹೊಳೆಯುವ ಲೋಹದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ನಿಜಕ್ಕಿಂತ ಕಡಿಮೆ ತೋರಿಸುವುದರಿಂದ ಅದನ್ನು ಬದಿಗಿಟ್ಟು, ನಿರ್ದಿಷ್ಟ ಉಷ್ಣತೆ ಮುಟ್ಟಿದ ಕೂಡಲೇ ಕಪ್ಪಾಗಿ ಮತ್ತೆ ಬೆಳ್ಳಗಾಗದ ಚೌಕಗಳಿರುವ ಸ್ಟಿಕ್ಕರ್ ಪಟ್ಟಿಯನ್ನು ಕ್ಯಾಲಿಪರ್‌ಗೆ ಅಂಟಿಸಿದೆ. ಘಾಟಿ ಇಳಿದು, ಕಾರು ತಣಿದ ಮೇಲೆ ಚಕ್ರ ಬಿಚ್ಚಿ ನೋಡಿದಾಗ 149 ಡಿಗ್ರಿಯ ಚೌಕ ಪೂರ್ತಿ ಕಪ್ಪಾಗಿತ್ತು, 154ರದ್ದು ಬಿಳಿಯಾಗಿಯೇ ಉಳಿದಿತ್ತು. ಇದು ಕ್ಯಾಲಿಪರ್‌ನ ಹೊರಮೈಯ ಲೆಕ್ಕ. ಪ್ಯಾಡಿಗೆ ತಾಗಿಕೊಂಡಿರುವ ಪಿಸ್ಟನ್‌ನ ಹಿಂಬದಿಯ ದ್ರವ ಇದಕ್ಕಿಂತ ಹೆಚ್ಚು ಬಿಸಿಯಾಗಿರುತ್ತದೆ ಎಂದೇ ಹಿಡಿಯಬೇಕು.

ಮೇ: ಡಬ್ಬಿಯ ಮೇಲಿನ ಎರಡು ಅಂಕಿಗಳು

ಪ್ರತಿ ಡಬ್ಬಿಯ ಮೇಲೂ ಎರಡು ಕುದಿಬಿಂದುಗಳಿರುತ್ತವೆ. ಒಂದು ಹೊಸ ಫ್ಲೂಯಿಡ್‌ನದು, ಅಂದರೆ ಒಣ ಕುದಿಬಿಂದು. ಇನ್ನೊಂದು ಅದೇ ಫ್ಲೂಯಿಡ್ 3.7 ಶೇಕಡಾ ನೀರು ಹೀರಿಕೊಂಡ ಮೇಲಿನದು, ಅಂದರೆ ತೇವದ ಕುದಿಬಿಂದು. ಅಮೆರಿಕದ ಸಾರಿಗೆ ಇಲಾಖೆಯ (ಡಾಟ್) ಮಾನದಂಡದ ಪ್ರಕಾರ ಇವುಗಳ ಕನಿಷ್ಠ ಮಿತಿ ಡಾಟ್ 3ಕ್ಕೆ 205 ಮತ್ತು 140 ಡಿಗ್ರಿ, ಡಾಟ್ 4ಕ್ಕೆ 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಗ್ಲೈಕಾಲ್ ಆಧಾರದ ಈ ಮೂರೂ ಬಗೆಯ ಫ್ಲೂಯಿಡ್‌ಗಳು ಗಾಳಿಯ ತೇವವನ್ನು ಹೀರುತ್ತವೆ. ಮುಚ್ಚಳದ ಸಣ್ಣ ಗಾಳಿಕಿಂಡಿಯಿಂದಲೂ ರಬ್ಬರ್ ಹೋಸ್‌ಗಳ ಗೋಡೆಯ ಮೂಲಕವೂ ನೀರಿನಂಶ ಒಳಸೇರುತ್ತಲೇ ಇರುತ್ತದೆ. ಮಲೆನಾಡಿನ ಜೂನ್ ಜುಲೈ ತಿಂಗಳುಗಳಲ್ಲಂತೂ ಕೇಳುವುದೇ ಬೇಡ.

ನನ್ನ ಸ್ಟಿಕ್ಕರ್ ತೋರಿಸಿದ 149ನ್ನು ಈ ಅಂಕಿಗಳ ಪಕ್ಕದಲ್ಲಿಟ್ಟರೆ ಆಯ್ಕೆ ಅರ್ಧ ಮುಗಿದಂತೆಯೇ. ನೀರು ಹೀರಿದ ಡಾಟ್ 3 ಈ ಇಳಿಜಾರಿನಲ್ಲಿ ಕುದಿಯಬಹುದು. ಹಳತಾದ ಸಾಧಾರಣ ಡಾಟ್ 4 ಅಂಚಿನಲ್ಲಿ ನಿಲ್ಲುತ್ತದೆ. ಫ್ಲೂಯಿಡ್ ಕುದಿದಾಗ ಹುಟ್ಟುವ ಆವಿ ದ್ರವದಂತಲ್ಲದೆ ಒತ್ತಿದರೆ ಕುಗ್ಗುವುದರಿಂದ ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ. ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ಮಾತ್ರ ನಿಲ್ಲದಿದ್ದರೆ ದೋಷ ಪ್ಯಾಡಿನದು, ಫ್ಲೂಯಿಡ್ ಬದಲಿಸಿ ಅದನ್ನು ಸರಿಪಡಿಸಲಾಗದು. ಇಳಿದ ಕೂಡಲೇ ಚಹಾಕ್ಕೆಂದು ನಿಲ್ಲಿಸುವ ಅಭ್ಯಾಸದಲ್ಲೂ ಒಂದು ಅಪಾಯವಿದೆ: ಗಾಳಿಯ ಹರಿವು ನಿಂತು ಡಿಸ್ಕಿನ ಶಾಖ ಕ್ಯಾಲಿಪರ್‌ಗೆ ಹರಿಯುವುದರಿಂದ, ಫ್ಲೂಯಿಡ್ ಕುದಿಯುವುದು ಎಷ್ಟೋ ಸಲ ಓಡುವಾಗಲ್ಲ, ನಿಂತ ಮೇಲೆಯೇ.

ರೇಸಿಂಗ್ ಫ್ಲೂಯಿಡ್‌ಗಳನ್ನೂ ಪರಿಶೀಲಿಸಿದೆ. ಮೋಟುಲ್ ಆರ್‌ಬಿಎಫ್ 600ರ ಒಣ ಕುದಿಬಿಂದು 312 ಡಿಗ್ರಿ, ತೇವದ್ದು 200ಕ್ಕಿಂತ ತುಸು ಮೇಲೆ. ಅದಕ್ಕಿಂತ ದುಬಾರಿಯಾದ ಆರ್‌ಬಿಎಫ್ 660ರ ಒಣ ಅಂಕಿ 325 ಆಗಿದ್ದರೂ ತೇವದ ಅಂಕಿ ಆರ್‌ಬಿಎಫ್ 600ರದ್ದಕ್ಕಿಂತ ಮೇಲೇನಲ್ಲ. ಹಾಗಾಗಿ ಮೇಲಿಂದ ಮೇಲೆ ಫ್ಲೂಯಿಡ್ ಬದಲಿಸುವ ಟ್ರ್ಯಾಕಿನವರಿಗೆ ಆ ಹೆಚ್ಚಿನ ಹಣಕ್ಕೆ ಅರ್ಥವಿದೆಯೇ ಹೊರತು, ವರ್ಷವಿಡೀ ಅದೇ ಫ್ಲೂಯಿಡ್‌ನಲ್ಲಿ ಓಡಾಡುವ ರಸ್ತೆಯ ಕಾರಿಗೆ ಏನೂ ಇಲ್ಲ. ಕ್ಯಾಸ್ಟ್ರಾಲ್ ಎಸ್‌ಆರ್‌ಎಫ್‌ನ ತೇವದ ಕುದಿಬಿಂದು 270 ಡಿಗ್ರಿ. ಈ ಅಂಕಿಗೆ ಎದುರಾಡುವಂತಿಲ್ಲ, ಆದರೆ ಬೆಲೆಗೂ ಎದುರಾಡುವಂತಿಲ್ಲ.

ಡಾಟ್ 5ನ್ನು ಆರಂಭದಲ್ಲೇ ಕೈಬಿಟ್ಟೆ. ಅದು ಸಿಲಿಕೋನ್ ಆಧಾರದ್ದು, ಉಳಿದವುಗಳೊಂದಿಗೆ ಬೆರೆಯುವುದಿಲ್ಲ. ನೀರನ್ನು ಹೀರದಿರುವುದರಿಂದ ಒಳಹೊಕ್ಕ ನೀರು ತಗ್ಗಿನಲ್ಲಿ ಹಾಗೆಯೇ ನಿಲ್ಲುತ್ತದೆ, ಮತ್ತು ಗಾಳಿಯ ಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುವ ಅದರ ಗುಣ ಚಕ್ರಗಳು ಲಾಕ್ ಆಗದಂತೆ ತಡೆಯುವ ಎಬಿಎಸ್‌ಗೆ ಹೊಂದುವುದಿಲ್ಲ. ಹೆಸರು ಒಂದೇ ರೀತಿ ಕಂಡರೂ ಡಾಟ್ 5 ಬೇರೆ, ಡಾಟ್ 5.1 ಬೇರೆ.

ಕೊನೆಗೆ ಕಣದಲ್ಲಿ ಉಳಿದವು ಎರಡು. ಎಬಿಎಸ್‌ನ ಸೂಕ್ಷ್ಮ ವಾಲ್ವ್‌ಗಳಲ್ಲಿ ಚುರುಕಾಗಿ ಹರಿಯಲೆಂದೇ ತಯಾರಾದ, ಕಡಿಮೆ ಸ್ನಿಗ್ಧತೆಯ (ಅಂದರೆ ಹೆಚ್ಚು ತೆಳುವಾಗಿ ಹರಿಯುವ) ಡಾಟ್ 4 ಕ್ಲಾಸ್ 6 ಒಂದು. ಅದರ ಕನಿಷ್ಠ ಮಿತಿಗಳು 250 ಮತ್ತು 165 ಡಿಗ್ರಿ. ಇನ್ನೊಂದು ಡಾಟ್ 5.1. ಮೈನಸ್ 40 ಡಿಗ್ರಿಯಲ್ಲಿ ಅಳೆಯುವ ಸ್ನಿಗ್ಧತೆ ಕ್ಲಾಸ್ 6ಕ್ಕೆ 750ನ್ನು, ಡಾಟ್ 5.1ಕ್ಕೆ 900ನ್ನು ಮೀರುವಂತಿಲ್ಲ. ಸಾಧಾರಣ ಡಾಟ್ 4ಕ್ಕೆ ಮಾತ್ರ 1800ರವರೆಗೂ ಅವಕಾಶವಿದೆ. ಯುರೋಪಿನ ಚಳಿಗಾಲದಲ್ಲಿ ಕ್ಲಾಸ್ 6ಕ್ಕೇ ನನ್ನ ಮತ. ಕರ್ನಾಟಕದ ಹವೆಯಲ್ಲಿ 750ಕ್ಕೂ 900ಕ್ಕೂ ಇರುವ ಅಂತರ ಕಾಲಿಗೆ ತಿಳಿಯುವಂಥದ್ದಲ್ಲ, ಆದರೆ ತೇವದ ಕುದಿಬಿಂದುವಿನಲ್ಲಿ ಸಿಗುವ ಹೆಚ್ಚುವರಿ 15 ಡಿಗ್ರಿ ಆಗುಂಬೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಡಾಟ್ 5.1ನ್ನೇ ಆರಿಸಿ, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ತಯಾರಿಕೆಯ ದಿನಾಂಕ ನೋಡಿ, ಅರ್ಧ ಲೀಟರಿನ ಸೀಲ್ ಒಡೆಯದ ಡಬ್ಬಿಗಳನ್ನು ತಂದೆ. ತೆರೆದಿಟ್ಟ ದೊಡ್ಡ ಡಬ್ಬಿಯಿಂದ ಲೋಟದ ಲೆಕ್ಕದಲ್ಲಿ ಸುರಿದುಕೊಡುವ ಕಡೆ ಎಷ್ಟೇ ಅಗ್ಗವಾದರೂ ಕೊಳ್ಳಬಾರದು.

ಮೇ ಕೊನೆ: ತುಂಬಿಸಿದ್ದು

ಮೊದಲು ರಿಸರ್ವಾಯರ್‌ನ ಹಳೆಯ ದ್ರವವನ್ನು ಸಿರಿಂಜಿನಿಂದ ಎಳೆದು ಹೊಸದನ್ನು ತುಂಬಿಸಿದೆ. ಆಮೇಲೆ ಹಳೆಯ ದ್ರವ ಮತ್ತು ಗಾಳಿಯನ್ನು ಹೊರಬಿಡಲು (ಬ್ಲೀಡ್ ಮಾಡಲು) ಚಕ್ರದ ಬಳಿ ಇರುವ ಬ್ಲೀಡರ್ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಹೊಸ ಫ್ಲೂಯಿಡ್ ಇರುವ ಬಾಟಲಿಯಲ್ಲಿ ಮುಳುಗಿಸಿ ಕುಳಿತೆ. ತಮ್ಮ ಒಳಗೆ ಕುಳಿತಿದ್ದ. “ಒತ್ತು, ಹಾಗೇ ಹಿಡ್ಕೋ” ಎಂದು ಹೇಳಿ ನಿಪ್ಪಲ್ ಸಡಿಲಿಸುವುದು, ಬಿಗಿ ಮಾಡಿದ ನಂತರವೇ “ಬಿಡು” ಎನ್ನುವುದು. ಈ ಕ್ರಮ ತಪ್ಪಿದರೆ ಪೈಪಿನ ಗಾಳಿ ಒಳಗೆ ಹೋಗುತ್ತದೆ. ಹಳೆಯ ಮಾಸ್ಟರ್ ಸಿಲಿಂಡರ್‌ನಲ್ಲಿ ಪಿಸ್ಟನ್ ದಿನನಿತ್ಯ ತಲುಪದ ಭಾಗ ತುಕ್ಕು ಹಿಡಿದಿದ್ದರೆ ಸೀಲ್ ಹರಿಯಬಹುದಾದ್ದರಿಂದ, ಪೆಡಲ್ ನೆಲದವರೆಗೆ ಹೋಗದಂತೆ ಕೆಳಗೆ ಮರದ ತುಂಡೊಂದನ್ನು ಇಟ್ಟಿದ್ದೆವು. ಮುಂದಿನ ಕ್ಯಾಲಿಪರ್‌ಗಳಿಂದ ಮೊದಲು ಕಾಫಿ ಬಣ್ಣದ ದ್ರವ ಬಂತು, ನಂತರ ತಿಳಿಹಳದಿ. ಹಿಂದಿನ ಡ್ರಮ್‌ಗಳದ್ದು ಅಷ್ಟು ಕೆಟ್ಟಿರಲಿಲ್ಲ.

ಈ ಕಾರಿನಲ್ಲಿ ಕ್ಲಚ್ ಕೂಡ ಅದೇ ರಿಸರ್ವಾಯರ್‌ನಿಂದ ಫ್ಲೂಯಿಡ್ ಪಡೆಯುವುದರಿಂದ ಅದರ ಲೈನನ್ನೂ ಬ್ಲೀಡ್ ಮಾಡಿದೆವು. ಬಾನೆಟ್ ಅಂಚಿಗೆ ಸಿಡಿದ ಹನಿಗಳನ್ನು ಆಗಲೇ ನೀರಿನಿಂದ ತೊಳೆದೆವು. ಬಿಟ್ಟರೆ ಪೇಂಟ್ ಏಳುತ್ತದೆ.

ಅಕ್ಟೋಬರ್: ಮಳೆ ಕಳೆದ ಮೇಲೆ

ಪೆನ್ನಿನಂತಹ ತೇವಮಾಪಕವನ್ನು ರಿಸರ್ವಾಯರ್‌ಗೆ ಅದ್ದಿದಾಗ ಹಸಿರು ದೀಪ ಬಂತು. ಕ್ಯಾಲಿಪರ್‌ನಿಂದ ತೆಗೆದ ಸ್ವಲ್ಪ ದ್ರವಕ್ಕೆ ಅದ್ದಿದಾಗ ಹಳದಿ ದೀಪ. ಆ ಪೆನ್ನಿನ ನಿಖರತೆಯಲ್ಲಿ ನನಗೆ ಹೆಚ್ಚಿನ ನಂಬಿಕೆಯಿಲ್ಲ, ಆದರೂ ಎರಡು ಜಾಗಗಳ ನಡುವಿನ ವ್ಯತ್ಯಾಸವನ್ನು ನಂಬುತ್ತೇನೆ: ಗ್ಯಾರೇಜಿನಲ್ಲಿ ಮುಚ್ಚಳ ತೆರೆದು ನೋಡಿ “ಬ್ರೇಕ್ ಆಯಿಲ್ ಚೆನ್ನಾಗಿದೆ ಸಾರ್” ಎಂದು ಹೇಳುವುದು ಬಿಸಿಯಾಗುವ ಜಾಗದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹೊಸ ಸ್ಟಿಕ್ಕರ್ ಹಚ್ಚಿ, ಅದೇ ಹುರುಪಿನಲ್ಲಿ ಆಗುಂಬೆ ಇಳಿದದ್ದಾಯಿತು. ಈ ಸಲವೂ 149ರ ಚೌಕ ಕಪ್ಪಾಯಿತು. ಸೋಮೇಶ್ವರದಲ್ಲಿ ನಿಲ್ಲದೆ ಸಮತಟ್ಟಾದ ರಸ್ತೆಯಲ್ಲಿ ಬ್ರೇಕ್ ಹೆಚ್ಚು ಮುಟ್ಟದೆ ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಮತ್ತೆ ಹೊರಟಾಗಲೂ ಪೆಡಲ್ ಮೇಲ್ಭಾಗದಲ್ಲೇ ಗಟ್ಟಿಯಾಗಿ ನಿಂತಿತು.

ಘಾಟಿ ತಿರುಗಾಟ ಹೆಚ್ಚಾಗುವುದು ಮಳೆ ನಿಂತ ಮೇಲಾದ್ದರಿಂದ ಫ್ಲೂಯಿಡ್ ಬದಲಿಸುವುದನ್ನು ಮೇ ತಿಂಗಳಿಂದ ಅಕ್ಟೋಬರ್‌ಗೆ ಸರಿಸಿ, ವರ್ಷಕ್ಕೊಮ್ಮೆ ಎಂದು ನಿಗದಿ ಮಾಡಿದ್ದೇನೆ. ಎಬಿಎಸ್ ಘಟಕದೊಳಗಿನ ಹಳೆಯ ಫ್ಲೂಯಿಡ್ ಸಾಧಾರಣ ಬ್ಲೀಡಿಂಗ್‌ನಲ್ಲಿ ಪೂರ್ತಿ ಹೊರಬರುವುದಿಲ್ಲ. ಸ್ಕ್ಯಾನರ್‌ನಿಂದ ಅದರ ಪಂಪನ್ನು ಓಡಿಸಿ ತೆಗೆಯುವ ಕೆಲಸವನ್ನು ಮುಂದಿನ ಬದಲಾವಣೆಯ ಜೊತೆಗೆ ಇಟ್ಟುಕೊಂಡಿದ್ದೇನೆ. ಹಿಂದಿನ ಡ್ರಮ್‌ಗಳ ಲೈನರ್ ಸವೆತದ ಅಳತೆ ಮುಂದಿನ ದಾಖಲೆಯಲ್ಲಿ ಬರುತ್ತದೆ.